ಬಿಟ್ಟುಹೋದ ಎರಡು ಮರಗಳು

ಚನ್ನರಾಯಪಟ್ಟಣ ತಾಲ್ಲೂಕಿನ ವಿದ್ಯಾರ್ಥಿಯೊಬ್ಬ ತೆಗೆದ ಛಾಯಾಚಿತ್ರವನ್ನು 2018ರ ಡಿಸೆಂಬರಿನ ಒಂದು ಸಂಜೆ ನಾವು ಮೂವರು ತೀರ್ಪುಗಾರರು ಬಹಳ ಹೊತ್ತು ನೋಡುತ್ತ ಕುಳಿತಿದ್ದೆವು. ಬಿಳಿಚಿದ ಆಕಾಶ. ಅದರ ಎದುರು ಒಂಬತ್ತು ಕಪ್ಪು ಗೆರೆಗಳು, ನೆಟ್ಟಗೆ. ಕೆಳಗೆ ಅಡ್ಡಲಾಗಿ ಬದುವಿನ ತೆಳುವಾದ ಒಂದು ರೇಖೆ. ಅಷ್ಟೆ. ಪಕ್ಕದಲ್ಲಿದ್ದ ಮಿತ್ರರು ‘ಎಂಥ ಸಂಯಮ!’ ಎಂದು ಉದ್ಗರಿಸಿದರು, ನಾನೂ ತಲೆಯಾಡಿಸಿದೆ. ಅವು ಸುಳಿ ಉದುರಿ ಬೋಳಾದ ತೆಂಗಿನ ಮರಗಳೆಂಬುದು ನನಗೆ ಹೊಳೆದದ್ದು ತುಸು ತಡವಾಗಿ.

ಪಾಠ ಹೇಳಿದವನೇ ತೀರ್ಪುಗಾರನಾಗುವುದು ಸರಿಯಲ್ಲ. ಆದರೆ ಸಣ್ಣ ಊರುಗಳಲ್ಲಿ ಇಂಥ ಕೆಲಸಕ್ಕೆ ಜನ ಸಿಗುವುದಿಲ್ಲವಾದ್ದರಿಂದ ಹಾಗಾಯಿತು. ಚಿತ್ರಕಲಾ ಶಿಕ್ಷಕನಾಗಿ ನಿವೃತ್ತನಾದ ನನ್ನನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಪದವಿ ವಿದ್ಯಾರ್ಥಿಗಳ ಗುಂಪೊಂದು ಛಾಯಾಗ್ರಹಣ ಕಲಿಸುವಂತೆ ಕೇಳಿಕೊಂಡಿತ್ತು. ಅವರೆಲ್ಲರ ನಡುವೆ ಕ್ಯಾಮೆರಾ ಇದ್ದದ್ದು ಒಂದೇ, ಉಳಿದವರದು ಮೊಬೈಲ್. ಅವರಲ್ಲಿ ಹೆಚ್ಚಿನವರು ಚಿತ್ರಕಲೆಗೆ ಮೇಷ್ಟರೇ ಇಲ್ಲದ ಪ್ರೌಢಶಾಲೆಗಳಿಂದ ಬಂದವರು. ಆದ್ದರಿಂದ ನಾನು ಮೊದಲ ದಿನವೇ ಒಂದು ಕರಾರು ಹಾಕಿದೆ: ಮುಖ ಬೇಡ, ಹೂವು ಬೇಡ, ಸೂರ್ಯಾಸ್ತವಂತೂ ಬೇಡವೇ ಬೇಡ. ಗೆರೆ ಮತ್ತು ಆಕಾರ, ಇವೆರಡನ್ನು ಮಾತ್ರ ಹುಡುಕಿ ತನ್ನಿ.

ಗೆರೆ ಕಣ್ಣನ್ನು ನಡೆಸುತ್ತದೆ, ಆಕಾರ ಅದನ್ನು ನಿಲ್ಲಿಸುತ್ತದೆ. ಹೇಳಲು ಇಷ್ಟು ಸುಲಭವಾದದ್ದು ನೋಡಲು ಕಷ್ಟ. ಏಕೆಂದರೆ ನಾವು ವಸ್ತುವನ್ನು ನೋಡುವುದಕ್ಕಿಂತ ಮೊದಲೇ ಅದರ ಹೆಸರನ್ನು ಓದಿಬಿಡುತ್ತೇವೆ. ಬಸ್ಸು, ಗುಡಿ, ಎಮ್ಮೆ ಎಂದುಕೊಂಡ ಕೂಡಲೇ ಕಣ್ಣಿನ ಕೆಲಸ ಮುಗಿಯುತ್ತದೆ. ಮಸೂರಕ್ಕೆ ಈ ಹೆಸರುಗಳ ಗೊಡವೆಯಿಲ್ಲ. ಹಿಂದಿರುವ ಕಂಬವನ್ನೂ ಮುಂದಿರುವ ತಲೆಯನ್ನೂ ಒಂದೇ ಹಾಳೆಗೆ ಅಂಟಿಸಿ, ಮನುಷ್ಯನ ನೆತ್ತಿಯ ಮೇಲೆ ಕಂಬ ಬೆಳೆಸಿಬಿಡುತ್ತದೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ-ಬ್ರೆಸ್ಸಾಂ ಕ್ಯಾಮೆರಾಕ್ಕೆ ಒಲಿಯುವ ಮೊದಲು ವರ್ಣಚಿತ್ರಕಾರ ಆಂದ್ರೆ ಲೋಟ್ ಅವರ ಬಳಿ ಅಭ್ಯಾಸ ಮಾಡಿದವರೆಂಬುದನ್ನು ಇಲ್ಲಿ ನೆನೆಯಬಹುದು.

ಈ ಪಾಠ ಬೇಗ ದಕ್ಕಿದ್ದು ಹುಡುಗಿಯರಿಗೆ. ಕಾರಣ ನನಗೆ ತಿಳಿದದ್ದು ಎರಡನೆಯ ಭಾನುವಾರ. ಒಬ್ಬಳು, ‘ಸರ್, ಇದು ಚುಕ್ಕಿ ರಂಗೋಲಿಯ ಹಾಗೇ ಅಲ್ಲವೇ? ಎಳೆ ಎಲ್ಲಿ ತಿರುಗಬೇಕೆಂದು ಮೊದಲೇ ಗೊತ್ತಿರಬೇಕು’ ಎಂದಳು. ಇಷ್ಟು ವರ್ಷ ಪಾಠ ಹೇಳಿದರೂ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ.

ಹುಡುಗರು ಮಾಡಿದ್ದೇನೆಂದರೆ, ಹೊಳೆನರಸೀಪುರದ ಮೂಲಕ ಮೈಸೂರಿಗೆ ಹೋಗುವ ರೈಲುಹಳಿಯ ಚಿತ್ರಗಳನ್ನು ರಾಶಿ ಹಾಕಿದರು. ದೂರದಲ್ಲಿ ಕೂಡುವ ಎರಡು ಗೆರೆಗಳು! ಹಳಿಯ ಮೇಲೆ ನಿಂತು ಚಿತ್ರ ತೆಗೆಯುವುದು ಅಪರಾಧವೆಂದೂ ಪ್ರಾಣಾಪಾಯವೆಂದೂ ಗದರಿ, ಅವರನ್ನು ಊರಿಗೆ ಹೆಸರು ಕೊಟ್ಟ ಹೊಳೆಯ ಕಡೆ ತಿರುಗಿಸಿದೆ. ಹೇಮಾವತಿಯ ದಡದಲ್ಲಿ ಒಣಹಾಕಿದ ಸೀರೆಯ ಅಂಚೂ ಒಂದು ಗೆರೆಯೇ.

ಆಕಾರದ ಪಾಠಕ್ಕೆ ನಾನು ಬೇಲೂರು, ಹಳೇಬೀಡುಗಳನ್ನು ಬೇಕೆಂದೇ ಬಿಟ್ಟೆ. ಅಲ್ಲಿ ಶಿಲ್ಪ ಕಣ್ಣನ್ನು ಸೂರೆಗೊಂಡುಬಿಡುತ್ತದೆ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 12ನೇ ಶತಮಾನದ ಆರಂಭದ್ದು. ನಾಲ್ಕು ಗರ್ಭಗುಡಿಗಳ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳ ಈ ಕಟ್ಟಡ ಕೆರೆಯ ಪಕ್ಕದಲ್ಲಿದೆ. ಎಲ್ಲರೂ ಒಳಗೆ ಹೋಗಿ ಬಾಗಿಲಿನ ಕೆತ್ತನೆಗೆ ಮುಗಿಬಿದ್ದರು. ದೂರ ಹೋಗಿ, ಬೆಳಕಿಗೆ ಎದುರಾಗಿ ನಿಲ್ಲಿ ಎಂದೆ. ವಿವರಗಳೆಲ್ಲ ಕಪ್ಪಿನಲ್ಲಿ ಅಡಗಿ ಶಿಖರಗಳ ಹೊರರೇಖೆ ಮಾತ್ರ ಉಳಿದಾಗ, ಅದು ಗುಡಿಯಾಗಿರುವ ಮೊದಲು ತ್ರಿಕೋನಗಳ ಸಾಲು ಎಂಬುದು ಅವರಿಗೆ ಕಂಡಿತು. ಶ್ರವಣಬೆಳಗೊಳದಲ್ಲಿ ಆದದ್ದು ಇದಕ್ಕೆ ವಿರುದ್ಧ. 58 ಅಡಿಯ ಆ ಮಹಾ ಆಕಾರದಿಂದ ಕಣ್ಣು ಕೀಳಲಾರದೆ ನಿಂತವರಿಗೆ, ಗೊಮ್ಮಟನ ಕಾಲು ತೋಳುಗಳನ್ನು ಸುತ್ತಿ ಏರುವ ಬಳ್ಳಿಯ ಗೆರೆಯನ್ನು ನಾನೇ ಬೆರಳಿಟ್ಟು ತೋರಿಸಬೇಕಾಯಿತು.

ಅರಕಲಗೂಡಿನ ಹುಡುಗಿಯೊಬ್ಬಳ ಚಿತ್ರವನ್ನು ಮರೆಯಲಾರೆ. ಆ ತಾಲ್ಲೂಕಿನಲ್ಲಿ ಮಳೆಗಾಲದ ನಡುವೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಹಗಲೂ ರಾತ್ರಿ ಉರಿಯುತ್ತವೆ. ಹೊರಗಿನವರಾದರೆ ಹೊಗೆಯನ್ನೋ ಸೌದೆಯ ರಾಶಿಯನ್ನೋ ತೆಗೆಯುತ್ತಾರೆ. ಇವಳು ಒಳಗೆ ನಿಂತು ನೇರ ಮೇಲಕ್ಕೆ ನೋಡಿದ್ದಳು: ಅಂತಸ್ತು ಅಂತಸ್ತಾಗಿ ಅಡ್ಡ ಜೋಡಿಸಿದ ಕಡ್ಡಿಗಳು, ಅವುಗಳಿಂದ ಇಳಿಬಿದ್ದ ಎಲೆಗಳು, ಸಂದಿಯಲ್ಲಿ ಒಂದಿಷ್ಟು ಬೆಳಕು. ರಜೆಯಲ್ಲಿ ಕಡ್ಡಿಗೆ ಸೊಪ್ಪು ಕಟ್ಟಿದ ಕೈಗೆ ಮಾತ್ರ ತಿಳಿಯುವ ಕೋನ ಅದು. ನನ್ನ ಪಾಠ ಅವಳಿಗೆ ಹೆಚ್ಚೇನನ್ನೂ ಕಲಿಸಲಿಲ್ಲವೆಂದೇ ನನ್ನ ಭಾವನೆ.

ಇನ್ನು ತೆಂಗಿನ ಮರಗಳ ಚಿತ್ರ. ಅದಕ್ಕೇ ಮೊದಲ ಬಹುಮಾನ ಬಂತು. 2010ರ ದಶಕದ ಬರಗಾಲಗಳಲ್ಲಿ ಚನ್ನರಾಯಪಟ್ಟಣ, ಅರಸೀಕೆರೆ ಸೀಮೆಯ ತೋಟಗಳು ಹೇಗೆ ಒಣಗಿದವೆಂಬುದನ್ನು ಓದುಗರು ಬಲ್ಲರು. ಕೊಳವೆಬಾವಿಗಳು ಬತ್ತಿದವು, ಕಪ್ಪುತಲೆ ಹುಳು ಗರಿ ತಿಂದಿತು. ದಶಕಗಳ ಕಾಲ ಸಾಕಿದ ಮರಗಳು ಕಂಬಗಳಾಗಿ ನಿಂತವು. ಆ ಹುಡುಗನದು ಸ್ವಂತ ತೋಟ. ಪ್ರದರ್ಶನ ನೋಡಲು ಅವನ ತಂದೆ ಹಾಸನಕ್ಕೆ ಬಂದರು. ಚಿತ್ರದ ಮುಂದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಹಳ ಹೊತ್ತು ನಿಂತರು. ನಾನು ಹತ್ತಿರ ಹೋಗಿ, ಗೆರೆಗಳ ನಡುವಿನ ಅಂತರ, ಲಯ, ಖಾಲಿ ಆಕಾಶದ ತೂಕ ಎಂದೆಲ್ಲ ವಿವರಿಸತೊಡಗಿದೆ. ಅವರು ಬೆರಳಿನಿಂದ ಎಣಿಸುತ್ತಿದ್ದರು.

‘ಹನ್ನೊಂದು ಮರ ಮೇಷ್ಟ್ರೇ, ಇಲ್ಲಿ ಒಂಬತ್ತೇ ಅವೆ. ಇನ್ನೆರಡರಲ್ಲಿ ಗರಿ ಐತೆ, ಅವು ಬದ್ಕವೆ. ಅವನ್ಯಾಕೆ ಬಿಟ್ಟ?’

ಹುಡುಗ ನನ್ನ ಮುಖ ನೋಡಿದ. ಗೆರೆಯ ಓಟಕ್ಕೆ ಅಡ್ಡಬರುವುದನ್ನು ಚೌಕಟ್ಟಿನಿಂದ ಹೊರಗಿಡು ಎಂದು ಹೇಳಿಕೊಟ್ಟವನು ನಾನೇ. ಗರಿಯಿದ್ದ ಎರಡು ಮರಗಳು ಒಂಬತ್ತು ಶುದ್ಧ ಗೆರೆಗಳ ನಡುವೆ ಗಲಿಬಿಲಿಯಾಗುತ್ತಿದ್ದವು ನಿಜ. ಅವನು ಎರಡು ಹೆಜ್ಜೆ ಎಡಕ್ಕೆ ಸರಿದು ಅವನ್ನು ತಪ್ಪಿಸಿದ್ದ. ವಿದ್ಯಾರ್ಥಿಯಾಗಿ ಸರಿಯಾದದ್ದನ್ನೇ ಮಾಡಿದ್ದ. ಆದರೆ ಸತ್ತ ತೋಟವೊಂದನ್ನು ಇನ್ನಷ್ಟು ಸಾಯಿಸಿದ ಚಿತ್ರಕ್ಕೆ ನಾವು ಬಹುಮಾನ ಕೊಟ್ಟಿದ್ದೆವು; ಬದುಕಿದ ಎರಡು ಮರಗಳಿಗೆ ನೀರು ಹೊರುತ್ತಿದ್ದವರು ನನ್ನೆದುರು ನಿಂತಿದ್ದರು. ಮಕ್ಕಳ ಚಿತ್ರಗಳಿಗೆ ಹೆಸರಾದ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅಂಥವರಲ್ಲಿ ರೇಖೆಯೂ ಮನುಷ್ಯನೂ ಒಟ್ಟಿಗೆ ಬರುತ್ತಿದ್ದುದನ್ನು ಕಂಡೂ, ನಾನು ಅರ್ಧ ಪಾಠವನ್ನಷ್ಟೇ ಹೇಳಿದ್ದೆ. ಹಾಗೆಂದು ಈಗಲೂ ಗೆರೆಯಿಂದಲೇ ಆರಂಭಿಸುತ್ತೇನೆ. ಬೇರೆ ದಾರಿ ನನಗೆ ತೋರದು. ಯಾವುದನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಚಿತ್ರದ ಹಿಂದೆ ಬರೆಯಿಸುವುದನ್ನು ಮಾತ್ರ ಆಮೇಲೆ ರೂಢಿ ಮಾಡಿಕೊಂಡೆ.

ಯುಗಾದಿಯ ಹೊತ್ತಿಗೆ ಆ ಹುಡುಗ ಇನ್ನೊಂದು ಚಿತ್ರ ಕಳುಹಿಸಿದ. ಹನ್ನೊಂದೂ ಮರಗಳಿವೆ. ಲಯ ಕೆಟ್ಟಿದೆ, ಚಿತ್ರ ಬಲಕ್ಕೆ ವಾಲಿದೆ, ಗರಿಗಳು ಮೂಲೆಯಲ್ಲಿ ತುಂಡಾಗಿವೆ. ಅವನ ತಂದೆ ತಮ್ಮ ಮೊಬೈಲಿನಲ್ಲಿ ಇದನ್ನೇ ಇಟ್ಟುಕೊಂಡಿದ್ದಾರಂತೆ.