ರೇಖಾಚಿತ್ರಗಳ ಸ್ಥಾನವೂ ಅಡಿಬರಹವೂ

ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು ೧೯೦೨ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಪ್ರಕಟಿಸಿದಾಗ ಅವುಗಳಿಗೆ ತಾಲ್ಲೂಕುವಾರಾಗಿ ಕ್ರಮಸಂಖ್ಯೆಗಳನ್ನು ಕೊಟ್ಟರು. ಆದುದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಶತಮಾನದ ಶಾಸನಗಳು ಎಷ್ಟಿವೆಯೆಂಬುದನ್ನು ಎಣಿಸಿ ರೇಖಾಚಿತ್ರದಲ್ಲಿ ತೋರಿಸುವುದು ಸಂಶೋಧಕರಿಗೆ ಸುಲಭಸಾಧ್ಯವಾಗಿದೆ. ಈಗ ಇಂತಹ ಚಿತ್ರಗಳನ್ನು ಕೈಯಿಂದ ಬರೆಯುವವರು ವಿರಳ. ‘ಆರ್’ ಮೊದಲಾದ ಸಂಖ್ಯಾಶಾಸ್ತ್ರದ ಗಣಕಭಾಷೆಗಳಲ್ಲಿ ಕೋಡನ್ನು ಬರೆದುಕೊಟ್ಟರೆ ಯಂತ್ರವೇ ಎಣಿಸಿ ಚಿತ್ರಿಸುತ್ತದೆ. ಆದರೆ ಆ ಚಿತ್ರವನ್ನು ಲೇಖನದಲ್ಲಿ ಎಲ್ಲಿ ಇರಿಸತಕ್ಕದ್ದು, ಅದರ ಕೆಳಗೆ ಏನೆಂದು ಬರೆಯತಕ್ಕದ್ದು ಎಂಬುದನ್ನು ಲೇಖಕನೇ ನಿರ್ಣಯಿಸಬೇಕು. ಇದರಲ್ಲಿ ತಪ್ಪಿದರೆ, ಎಣಿಕೆ ಸರಿಯಾಗಿದ್ದರೂ ವಾಚಕನಿಗೆ ಉಂಟಾಗುವ ಜ್ಞಾನವು ತಪ್ಪಾಗುತ್ತದೆ.

ಗದ್ಯವನ್ನೂ ಕೋಡನ್ನೂ ಒಂದೇ ಕಡತದಲ್ಲಿ ಹೆಣೆಯುವ ಪದ್ಧತಿಯನ್ನು ಡೊನಾಲ್ಡ್ ಕನೂತ್ ಎಂಬ ವಿದ್ವಾಂಸರು ೧೯೮೪ರ ಲೇಖನವೊಂದರಲ್ಲಿ ವಿವರಿಸಿದರು. ‘ಆರ್’ ಭಾಷೆಗೆ ಇದನ್ನು ಅಳವಡಿಸಿ ಫ್ರೀಡ್ರಿಷ್ ಲೈಷ್ ಎಂಬವರು ೨೦೦೨ರಲ್ಲಿ ‘ಸ್ವೀವ್’ ಎಂಬ ಸಾಧನವನ್ನು ಪ್ರಕಟಪಡಿಸಿದರು. ಯಿಹುಯಿ ಶೀ ಎಂಬವರ ‘ನಿಟರ್’ ೨೦೧೨ರಲ್ಲಿಯೂ, ‘ಕ್ವಾರ್ಟೊ’ ೨೦೨೨ರಲ್ಲಿಯೂ ಬಳಕೆಗೆ ಬಂದವು. ಇವುಗಳ ಪ್ರಯೋಜನವು ಸ್ಪಷ್ಟವಾಗಿದೆ: ಮೂಲಪಟ್ಟಿಗೆ ಹೊಸ ಶಾಸನವೊಂದನ್ನು ಸೇರಿಸಿ ಕಡತವನ್ನು ಮರಳಿ ನಡೆಸಿದರೆ ಚಿತ್ರವು ತಾನಾಗಿಯೇ ತಿದ್ದಿಕೊಳ್ಳುತ್ತದೆ. ಆದರೆ ಕೈಯಿಂದ ಬರೆದ ಅಡಿಬರಹವು ಹಾಗೆ ತಿದ್ದಿಕೊಳ್ಳುವುದಿಲ್ಲ. ದೋಷಗಳೆಲ್ಲ ಹುಟ್ಟುವುದು ಈ ಸ್ಥಳದಲ್ಲಿಯೇ.

ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಚಿತ್ರವೂ ಅಡಿಬರಹವೂ ಸೇರಿ ಒಂದು ವಾಕ್ಯದಂತೆಯೇ ಅರ್ಥವನ್ನು ಕೊಡುವುದರಿಂದ ಇಲ್ಲಿಯೂ ಈ ಮೂರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಮೊದಲನೆಯದು ಯೋಗ್ಯತೆ. ಬೆಂಕಿಯಿಂದ ನೆನೆಸು ಎಂಬ ಮಾತಿನಲ್ಲಿ ಪದಗಳಿಗೆ ಪರಸ್ಪರ ಹೊಂದಿಕೆಯಿಲ್ಲ. ಚಿತ್ರಕ್ಕೂ ಅಡಿಬರಹಕ್ಕೂ ಇಂತಹ ವಿರೋಧವು ಬಹು ಸುಲಭವಾಗಿ ಸಂಭವಿಸುತ್ತದೆ. ಮೇಲ್ಕಂಡ ನಾಲ್ಕು ತಾಲ್ಲೂಕುಗಳಿಗೆ ಒಂದೇ ಕೋಡಿನಿಂದ ನಾಲ್ಕು ಚಿತ್ರಗಳನ್ನು ಹೊರಡಿಸಿದರೆಂದು ಇಟ್ಟುಕೊಳ್ಳೋಣ. ಲೇಖಕನು ಜಿಲ್ಲೆಯ ಮುಖ್ಯಸ್ಥಳವೆಂದು ಹಾಸನವನ್ನು ಮೊದಲಿಗಿಟ್ಟು ನಾಲ್ಕು ಅಡಿಬರಹಗಳನ್ನು ಬರೆಯುತ್ತಾನೆ. ‘ಆರ್’ ಆದರೋ, ಬೇರೆ ಆಜ್ಞೆಯಿಲ್ಲದಿದ್ದರೆ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಅರಕಲಗೂಡನ್ನು ಮೊದಲು ತರುತ್ತದೆ. ಆಗ ಅರಕಲಗೂಡಿನ ಚಿತ್ರದ ಕೆಳಗೆ ಹಾಸನದ ಹೆಸರು ಅಚ್ಚಾಗುತ್ತದೆ. ಯಂತ್ರವು ಯಾವ ಆಕ್ಷೇಪವನ್ನೂ ಹೇಳುವುದಿಲ್ಲ. ಒಂದೇ ಅಡಿಬರಹವನ್ನು ಕೊಟ್ಟರೆ ‘ನಿಟರ್’ ಅದನ್ನೇ ನಾಲ್ಕಕ್ಕೂ ಮುದ್ರಿಸುತ್ತದೆ. ಆದುದರಿಂದ ತಾಲ್ಲೂಕಿನ ಹೆಸರನ್ನು ಚಿತ್ರವು ಯಾವ ಪಟ್ಟಿಯಿಂದ ತೆಗೆದುಕೊಳ್ಳುತ್ತದೆಯೋ ಅಡಿಬರಹವೂ ಅದೇ ಪಟ್ಟಿಯಿಂದ, ಅದೇ ಕ್ರಮದಲ್ಲಿ ತೆಗೆದುಕೊಳ್ಳುವಂತೆ ಕೋಡನ್ನು ರಚಿಸತಕ್ಕದ್ದು. ಅಡಿಬರಹದಲ್ಲಿ ಬರುವ ಮೊತ್ತಗಳಿಗೂ ಇದೇ ನಿಯಮ.

ಎರಡನೆಯದು ಆಕಾಂಕ್ಷೆ. ಚಿತ್ರವನ್ನು ನೋಡಿದವನಿಗೆ ‘ಯಾವುದರ ಎಣಿಕೆ? ಎಲ್ಲಿಂದ?’ ಎಂಬ ಅಪೇಕ್ಷೆ ಹುಟ್ಟುತ್ತದೆ. ಅಡಿಬರಹವು ಅದನ್ನು ತೀರಿಸಬೇಕು. ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದ ಶಾಸನಗಳು ಐದನೆಯ ಸಂಪುಟದಲ್ಲಿಲ್ಲ. ಅವಕ್ಕಾಗಿ ಎರಡನೆಯ ಸಂಪುಟವೇ ಮೀಸಲಾಗಿದೆ. ‘ಚನ್ನರಾಯಪಟ್ಟಣದ ಶಾಸನಗಳು’ ಎಂದಷ್ಟೇ ಬರೆದರೆ ಬೆಳಗೊಳವು ಸೇರಿದೆಯೋ ಬಿಟ್ಟಿದೆಯೋ ತಿಳಿಯದು. ಇನ್ನು ಆ ಎರಡನೆಯ ಸಂಪುಟದ ೧೮೮೯ರ ಮೊದಲ ಮುದ್ರಣದಲ್ಲಿದ್ದ ಶಾಸನಗಳು ೧೪೪, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ೧೯೨೩ರ ಮುದ್ರಣದಲ್ಲಿ ೫೦೦. ೧೯೭೩ರ ಮುದ್ರಣದಲ್ಲಿ ೫೭೩. ಈ ಮೂರನ್ನು ಕಂಬಗಳಾಗಿ ಚಿತ್ರಿಸಿ ‘ಬೆಳಗೊಳದ ಶಾಸನಗಳ ವೃದ್ಧಿ’ ಎಂದು ಹೆಸರಿಟ್ಟರೆ ಅಪಾರ್ಥವಾಗುತ್ತದೆ. ಬೆಳೆದದ್ದು ಶೋಧನೆಯೇ ಹೊರತು ಬಂಡೆಯ ಮೇಲಿನ ಬರಹವಲ್ಲ. ‘ಮೂರು ಮುದ್ರಣಗಳಲ್ಲಿ ಸಂಗ್ರಹವಾದ ಶಾಸನಗಳ ಸಂಖ್ಯೆ’ ಎಂಬುದು ಯುಕ್ತವಾದ ಅಡಿಬರಹ.

ಮೂರನೆಯದು ಸನ್ನಿಧಿ. ಒಂದೊಂದು ಜಾವಕ್ಕೆ ಒಂದೊಂದು ಪದವನ್ನು ಉಚ್ಚರಿಸಿದರೆ ವಾಕ್ಯಾರ್ಥವು ಆಗುವುದಿಲ್ಲ. ಮುದ್ರಣಕ್ಕಾಗಿ ಬಳಸುವ ‘ಲೇಟೆಕ್’ ವ್ಯವಸ್ಥೆಯಲ್ಲಿ ಅಡಿಬರಹವುಳ್ಳ ಚಿತ್ರವು ಸಾಮಾನ್ಯವಾಗಿ ‘ಫ್ಲೋಟ್’, ಎಂದರೆ ತೇಲುವ ವಸ್ತು. ಪುಟದಲ್ಲಿ ಸ್ಥಳ ಸಾಲದಿದ್ದರೆ ಅದು ಮುಂದಿನ ಪುಟದ ತಲೆಗೋ, ಬುಡಕ್ಕೋ, ಪ್ರತ್ಯೇಕ ಪುಟಕ್ಕೋ ಹೋಗುತ್ತದೆ. ಆಗ ‘ಕೆಳಗಿನ ಚಿತ್ರವನ್ನು ನೋಡಿ’ ಎಂಬ ಮಾತು ವ್ಯರ್ಥವಾಗುತ್ತದೆ. ಚಿತ್ರವನ್ನು ಬಲವಂತವಾಗಿ ಅಲ್ಲಿಯೇ ನಿಲ್ಲಿಸಿದರೆ ಪುಟದಲ್ಲಿ ದೊಡ್ಡ ಬಯಲು ಉಳಿಯಬಹುದು. ಆದುದರಿಂದ ಚಿತ್ರದ ಕೋಡನ್ನು ಅದರ ಪ್ರಸ್ತಾಪವುಳ್ಳ ಪರಿಚ್ಛೇದದ ಬಳಿಯಲ್ಲಿರಿಸಿ, ಚಿತ್ರಕ್ಕೆ ಒಂದು ಗುರುತುಹೆಸರನ್ನು ಕೊಟ್ಟು, ಗದ್ಯದಲ್ಲಿ ಆ ಹೆಸರಿನಿಂದಲೇ ನಿರ್ದೇಶಿಸಬೇಕು. ‘ಚಿತ್ರ ೩’ ಎಂಬ ಸಂಖ್ಯೆಯನ್ನು ಯಂತ್ರವು ತುಂಬುತ್ತದೆ. ನಡುವೆ ಹೊಸ ಚಿತ್ರ ಸೇರಿದರೂ ನಿರ್ದೇಶವು ಕೆಡುವುದಿಲ್ಲ. ಆದರೆ ‘ಲೇಟೆಕ್’ನಲ್ಲಿ ಸಂಖ್ಯೆಯು ಅಡಿಬರಹದಿಂದಲೇ ಹುಟ್ಟುವುದರಿಂದ ಅಡಿಬರಹವಿಲ್ಲದ ಚಿತ್ರಕ್ಕೆ ಸಂಖ್ಯೆಯಿಲ್ಲ. ‘ಕ್ವಾರ್ಟೊ’ದಲ್ಲಿ ಗುರುತುಹೆಸರು ‘ಫಿಗ್’ ಎಂಬ ಅಕ್ಷರಗಳಿಂದಲೂ ಅಡ್ಡಗೆರೆಯಿಂದಲೂ ಆರಂಭವಾಗಬೇಕು.

ಬರಿಯ ಸಂಖ್ಯೆಯನ್ನು ನಂಬುವುದರಿಂದಾಗುವ ತೊಡಕು ಶಾಸನಾಭ್ಯಾಸಿಗಳಿಗೆ ಹೊಸದಲ್ಲ. ಚಂದ್ರಗಿರಿಯ ಮಲ್ಲಿಷೇಣಪ್ರಶಸ್ತಿಯು ರೈಸರ ಮುದ್ರಣದಲ್ಲಿ ೫೪ನೆಯದು, ೧೯೨೩ರ ಮುದ್ರಣದಲ್ಲಿ ೬೭ನೆಯದು. ಮುದ್ರಣದ ವರ್ಷವನ್ನು ಹೇಳದೆ ಸಂಖ್ಯೆಯನ್ನು ಮಾತ್ರ ಉದಾಹರಿಸಿದ ಲೇಖನವನ್ನು ಹಿಡಿದು ಹೊರಟವನು ಬೇರೊಂದು ಶಾಸನವನ್ನು ತಲಪುತ್ತಾನೆ. ಪ್ರಶಸ್ತಿಯ ಹೆಸರನ್ನು ಹೇಳಿದ್ದರೆ ಯಾವ ಮುದ್ರಣದಲ್ಲಿಯೂ ದಾರಿ ತಪ್ಪುತ್ತಿರಲಿಲ್ಲ. ಚಿತ್ರಗಳ ಗುರುತುಹೆಸರಿಗೂ ಇದೇ ಪ್ರಯೋಜನ.

ಹೀಗೆ ಮೂರು ನಿಯಮಗಳನ್ನು ಪಾಲಿಸಿದರೂ ಒಂದು ಕೆಲಸವು ಉಳಿಯುತ್ತದೆ. ಯಂತ್ರಕ್ಕೆ ಕ್ರಮವು ಗೊತ್ತು, ಸಂಖ್ಯೆಯು ಗೊತ್ತು. ಅರಕಲಗೂಡಿನ ಶಾಸನಗಳ ಪರಿಚಯ ಅದಕ್ಕಿಲ್ಲ. ಆದುದರಿಂದ ಅಚ್ಚಿಗೆ ಕಳುಹಿಸುವ ಮುನ್ನ ಪ್ರತಿಯೊಂದು ಅಡಿಬರಹವನ್ನೂ ಅದರ ಚಿತ್ರದೊಡನೆ, ಚಿತ್ರವನ್ನು ಮೂಲಸಂಪುಟದೊಡನೆ ಹೋಲಿಸಿ ನೋಡುವುದು ವಿದ್ವಾಂಸರ ಕರ್ತವ್ಯವಾಗಿಯೇ ಇದೆ.