ಖಾಲಿ ಮನೆ, ಕೈಗೆಟಕುವ ಬಾಡಿಗೆ: ಪೋಷಕರು ತಿಳಿದಿರಬೇಕಾದ ಯೋಜನೆ
ದಾನಿಗಳ ನೆರವಿನಿಂದ ಶುಲ್ಕ ಕಟ್ಟಿದರೂ, ಪಟ್ಟಣದಲ್ಲಿ ಓದುವ ಮಕ್ಕಳಿಗೆ ಬಾಡಿಗೆಯೇ ದೊಡ್ಡ ಹೊರೆ. ಆದ್ದರಿಂದ ಕೇಂದ್ರ ಸರ್ಕಾರದ ಒಂದು ಯೋಜನೆಯನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಸರ್ಕಾರದ ಹಣದಲ್ಲಿ ಕಟ್ಟಿ ಖಾಲಿ ಉಳಿದ ಮನೆಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ಈ ಯೋಜನೆ 2020ರಲ್ಲಿ ಆರಂಭವಾಯಿತು. ದುರಸ್ತಿಯ ವೆಚ್ಚ ಭರಿಸುವ ಸಂಸ್ಥೆ 25 ವರ್ಷ ಬಾಡಿಗೆ ಪಡೆದು, ಬಳಿಕ ಮನೆಗಳನ್ನು ನಗರಾಡಳಿತಕ್ಕೆ ಮರಳಿಸಬೇಕು. ಮೊದಲ ಬಾಡಿಗೆಯನ್ನು ನಗರಾಡಳಿತವೇ ನಿಗದಿ ಮಾಡುತ್ತದೆ. ಮುಂದೆ ಎರಡು ವರ್ಷಕ್ಕೊಮ್ಮೆ ಶೇ. 8ರಷ್ಟು ಏರಿಸಬಹುದು, ಐದು ವರ್ಷದಲ್ಲಿ ಒಟ್ಟು ಶೇ. 20 ಮೀರುವಂತಿಲ್ಲ.

ಕಡಿಮೆ ಆದಾಯದ ಕೂಲಿಕಾರರು, ಬೀದಿ ವ್ಯಾಪಾರಿಗಳಂತೆ ವಿದ್ಯಾರ್ಥಿಗಳೂ ಅರ್ಹರು. ಅಲ್ಪಸಂಖ್ಯಾತರಿಗೆ, ವಿಧವೆಯರಿಗೆ ಆದ್ಯತೆಯಿದೆ.

ಎಲ್ಲ ಊರುಗಳಲ್ಲೂ ಇಂಥ ಮನೆಗಳಿಲ್ಲ. ಇವು ಬಾಡಿಗೆ ಮನೆಗಳೇ ಹೊರತು ಸ್ವಂತಕ್ಕೆ ಸಿಗುವುದಿಲ್ಲ. ಹಕ್ಕುಪತ್ರ ಕೊಡಿಸುತ್ತೇವೆಂದು ಹಣ ಕೇಳುವವರನ್ನು ನಂಬದೆ, ನಗರಸಭೆ ಅಥವಾ ಪಾಲಿಕೆ ಕಚೇರಿಯಲ್ಲೇ ವಿಚಾರಿಸಿ.