ಹೆಗಲು ಮುಟ್ಟಿ ನೋಡಿಕೊಂಡವನೇ ಕಳ್ಳನಾ?



‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಹೋದ ತಿಂಗಳು ನಮ್ಮ ಬಾಗೂರಿನಲ್ಲಿ ಒಬ್ಬರ ತೋಟದಲ್ಲಿ ತೆಂಗಿನಕಾಯಿ ಕಳುವಾದವು. ಅವರು ಬಂದು ಕೇಳಿದಾಗ ನನಗೆ ಮಾತು ತೊದಲಿತು, ಅಂಗೈ ಬೆವರಿತು. ‘ಇವನೇ ಇರಬೇಕು’ ಅಂದುಬಿಟ್ಟರು. ನಾನು ಕದ್ದಿರಲಿಲ್ಲ, ಹೆದರಿದ್ದೆ ಅಷ್ಟೆ.

ಸುಳ್ಳು ಪತ್ತೆ ಯಂತ್ರವೂ ಎದೆಬಡಿತ, ಉಸಿರು, ರಕ್ತದೊತ್ತಡ, ಬೆವರು ಇವುಗಳನ್ನೇ ಅಳೆಯುತ್ತದೆ. ಸುಮ್ಮನೆ ಹೆದರಿದವನಲ್ಲೂ ಇವು ಏರುತ್ತವೆ. ಅದಕ್ಕೇ ವಿಜ್ಞಾನಿಗಳು ಮಿದುಳನ್ನೇ ಪರೀಕ್ಷಿಸೋಣ ಎಂದು ಹೊರಟರು.

ಮಿದುಳಿನ ಜೀವಕೋಶಗಳಲ್ಲಿ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ತಲೆಯ ಮೇಲೆ ಲೋಹದ ಬಿಲ್ಲೆಗಳನ್ನು ಅಂಟಿಸಿದರೆ ಅದು ಅಲೆಗಳಾಗಿ ದಾಖಲಾಗುತ್ತದೆ. ಇದೇ ಇ.ಇ.ಜಿ. 1924ರಲ್ಲಿ ಮನುಷ್ಯರಲ್ಲಿ ಇದನ್ನು ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಮೂರ್ಛೆರೋಗ ಪತ್ತೆಗೆ ಆಸ್ಪತ್ರೆಗಳಲ್ಲಿ ಇದನ್ನು ಬಳಸುತ್ತಾರೆ.

ತನಿಖೆಯಲ್ಲಿ ಹಲವು ಚಿತ್ರ, ಪದಗಳನ್ನು ತೋರಿಸುತ್ತಾರೆ. ಬಾಯಿಬಿಟ್ಟು ಉತ್ತರ ಹೇಳಬೇಕಾಗಿಲ್ಲ. ಗುರುತಿನ ವಸ್ತು ಕಂಡರೆ ಸುಮಾರು 300 ಮಿಲಿಸೆಕೆಂಡಿಗೆ, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ, ಒಂದು ಅಲೆ ಏಳುತ್ತದೆ. ಅದರ ಹೆಸರು ಪಿ-300. ಅಪರಾಧಿಗೆ ಮಾತ್ರ ಗೊತ್ತಿರಬೇಕಾದ ವಸ್ತುವಿಗೆ ಅಲೆ ಎದ್ದರೆ ಅನುಮಾನ ಬರುತ್ತದೆ. ‘ಬ್ರೈನ್ ಮ್ಯಾಪಿಂಗ್’ ಎನ್ನುವ ಇಂಥ ಪರೀಕ್ಷೆಯನ್ನು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲೂ ಮಾಡಿದ್ದಾರೆ.

ಆದರೆ ಒಂದು ವಿಷಯ ಗಮನಿಸಿ. ಈ ಯಂತ್ರ ತಿಳಿಸುವುದು ಸುಳ್ಳನ್ನಲ್ಲ, ನೆನಪನ್ನು. ಆ ಕಾಯಿಯ ರಾಶಿಯನ್ನು ಹಿಂದಿನ ದಿನ ನಾನೂ ನೋಡಿದ್ದೆ. ಅದರ ಚಿತ್ರ ತೋರಿಸಿದರೆ ನನ್ನ ತಲೆಯಲ್ಲೂ ಅಲೆ ಏಳಬಹುದು! ಕದ್ದವನಿಗೂ ಗೊತ್ತು, ನೋಡಿದವನಿಗೂ ಗೊತ್ತು. ಅಲೆ ನೋಡಿ ಇಬ್ಬರನ್ನೂ ಬೇರೆ ಮಾಡುವುದು ಹೇಗೆ?

ಈ ಪರೀಕ್ಷೆಗಳ ಪ್ರಶ್ನೆ ನಮ್ಮ ರಾಜ್ಯದಿಂದಲೂ ಸುಪ್ರೀಂ ಕೋರ್ಟಿಗೆ ಹೋಯಿತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ತೀರ್ಪು ಬಂತು. ಸುಳ್ಳು ಪತ್ತೆ, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಈ ಮೂರನ್ನೂ ಯಾರಿಗೂ ಬಲವಂತವಾಗಿ ಮಾಡಬಾರದು ಎಂದು ನ್ಯಾಯಾಲಯ ಹೇಳಿತು. ಸಂವಿಧಾನದ 20(3)ನೇ ವಿಧಿಯ ಪ್ರಕಾರ ಆರೋಪಿಯನ್ನು ಅವನ ವಿರುದ್ಧ ಅವನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವ ಹಾಗಿಲ್ಲ. ಅವನಾಗಿಯೇ ಒಪ್ಪಿದರೆ ಪರೀಕ್ಷೆ ಮಾಡಬಹುದು. ಆಗಲೂ ಬರೀ ಅದರ ಫಲಿತಾಂಶವೇ ಸಾಕ್ಷಿಯಾಗುವುದಿಲ್ಲ.

ಕಾಯಿ ಕದ್ದವರು ಯಾರೆಂದು ಇನ್ನೂ ಗೊತ್ತಾಗಿಲ್ಲ. ಕೆಲವರು ಈಗಲೂ ನನ್ನನ್ನು ಒಂಥರಾ ನೋಡುತ್ತಾರೆ. ಸ್ನೇಹಿತರೇ, ಯಾರಾದರೂ ಬೆವರಿದರೆ ತಕ್ಷಣ ಕಳ್ಳ ಅನ್ನಬೇಡಿ. ಮೊದಲು ಸಾಕ್ಷಿ ಹುಡುಕಿ.

ಇಂತಿ,
7ನೇ ತರಗತಿ ವಿದ್ಯಾರ್ಥಿ